ಜಗುಲಿ ಯಾರದಿತ್ತು?

ಮನುಷ್ಯ ಸಂಬಂಧಗಳು ಹಾಳಾದವು ಎಂದು ಅಳುವವರ ಕಾಟ ಈಚೆಗೆ ಹೆಚ್ಚಾಗಿದೆ. ಭಾನುವಾರದ ಪುರವಣಿ ಬಿಡಿಸಿದರೆ ಅಲ್ಲೊಂದು ಲೇಖನ. ಕಾಲೇಜಿನ ಚರ್ಚಾಸ್ಪರ್ಧೆಗೆ ಹೋದರೆ ಅಲ್ಲೂ ಅದೇ ವಿಷಯ. ಸ್ವಾಮಿಗಳ ಆಶೀರ್ವಚನದಲ್ಲೂ ಅದೇ ರಾಗ. ಮೊಬೈಲು ಬಂದು ಮನೆಮಂದಿ ಮಾತು ಬಿಟ್ಟರಂತೆ. ಟಿವಿ ಬಂದು ನೆರೆಹೊರೆ ಸತ್ತಿತಂತೆ. ಹಿಂದೆ ಎಲ್ಲರೂ ಸಂಜೆಯಾದರೆ ಜಗುಲಿ ಮೇಲೆ ಕೂತು ಕಷ್ಟಸುಖ ಹಂಚಿಕೊಳ್ತಿದ್ದರಂತೆ, ಒಬ್ಬರ ಮನೆ ಮಜ್ಜಿಗೆ ಇನ್ನೊಬ್ಬರ ಮನೆಗೆ ಹೋಗ್ತಿತ್ತಂತೆ.

ಈ ‘ಎಲ್ಲರೂ’ ಅನ್ನೋ ಮಾತಿನ ಮೇಲೆ ನನಗೆ ಅನುಮಾನ. ಯಾರ ಜಗುಲಿ ಸ್ವಾಮಿ ಅದು? ನಮ್ಮ ತಾತ ಎಪ್ಪತ್ತು ದಾಟಿದ್ದಾನೆ, ಊರೊಳಗಿನ ಒಂದು ಜಗುಲಿಯ ಮೇಲೂ ಅವನು ಕೂತಿಲ್ಲ. ಜಗುಲಿ ಕೆಳಗೆ ನಿಂತು ‘ಬುದ್ದೀ’ ಅಂದಿದ್ದಾನೆ. ಮಜ್ಜಿಗೆ ಬಂದಿದೆ, ನಿಜ. ಮೇಲಿನಿಂದ ಬೊಗಸೆಗೆ ಸುರಿದಿದ್ದಾರೆ. ಇದನ್ನೂ ಮನುಷ್ಯ ಸಂಬಂಧ ಅಂತಲೇ ಕರೆಯೋದಾದರೆ, ಅದು ಹಾಳಾದದ್ದಕ್ಕೆ ಅಳುವವರ ಜೊತೆ ಕೂತು ಅಳೋದಕ್ಕೆ ನಮ್ಮ ಕೇರಿಯವರಿಗೆ ಪುರುಸೊತ್ತಿಲ್ಲ.

ಗೆಳೆಯರೆ, ನಾನಿಲ್ಲಿ ಬರೆಯಹೊರಟಿರೋದು ಯಂತ್ರಗಳ ಚರಿತ್ರೆ ಅಲ್ಲ. ಯಂತ್ರ ಊರಿಗೆ ಬಂದಾಗ ಅದನ್ನು ಎಲ್ಲಿ ಇಟ್ಟರು, ಅದರ ಮುಂದೆ ಯಾರು ಕೂತರು, ಯಾರು ನಿಂತರು, ಯಾರನ್ನು ಆಚೆ ಕಳಿಸಿದರು ಅನ್ನುವಷ್ಟನ್ನೇ ನೋಡೋಣ. ನಮ್ಮ ಇತಿಹಾಸದ ಪುಸ್ತಕಗಳು ಯಂತ್ರ ಬಂದ ತಾರೀಖು ಬರೆದು ಮುಂದೆ ಹೋಗಿಬಿಡ್ತವೆ.

ಕರ್ನಾಟಕದಲ್ಲಿ ಈ ಕತೆ ಒಂದು ಮನೆಯಿಂದಲೇ ಶುರುವಾಗುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರೊಫೆಸರು 1935ರ ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಕನ್ನಡದಲ್ಲಿ ಮಾತು ಹಾಡು ಬಿತ್ತರಿಸತೊಡಗಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಒಬ್ಬ ಮೇಷ್ಟ್ರು ತನ್ನ ಮನೆಯ ಕೋಣೆಯಲ್ಲಿ ಕೂತು, ತನಗೆ ಪರಿಚಯವೇ ಇಲ್ಲದ ಜನರ ಜೊತೆ ಮಾತಾಡಬೇಕೆಂದು ಕೈಯಿಂದ ದುಡ್ಡು ಹಾಕಿ ಒದ್ದಾಡಿದ್ದನ್ನು ನಾನು ದೊಡ್ಡ ಕೆಲಸ ಅಂತಲೇ ಒಪ್ಕೊಳ್ತೀನಿ. ಆದರೆ ಆಕಾಶದಿಂದ ಬಂದ ವಾಣಿ ಇಳಿದದ್ದು ಎಲ್ಲಿಗೆ? ವಿದ್ಯುತ್ತು ಇದ್ದ ಮನೆಗೆ, ರೇಡಿಯೋ ಕೊಳ್ಳುವ ಶಕ್ತಿ ಇದ್ದ ಮನೆಗೆ, ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ದುಡ್ಡು ಕಟ್ಟಬಲ್ಲವನ ಮನೆಗೆ. ರೇಡಿಯೋ ಕೇಳೋದಕ್ಕೂ ಲೈಸೆನ್ಸ್ ಬೇಕಿತ್ತು ಅಂದರೆ ಈಗಿನ ಹುಡುಗರು ನಗ್ತಾರೆ. 1980ರ ದಶಕದವರೆಗೂ ಅದು ಇತ್ತು.

ವಿದ್ಯುತ್ತಿನ ಮಾತು ಬಂತಲ್ಲ, ಒಂದು ಸಂಗತಿ ಹೇಳಿಬಿಡ್ತೀನಿ. ಶಿವನಸಮುದ್ರದಲ್ಲಿ ಕಾವೇರಿಯನ್ನು ತಿರುಗಿಸಿ ಕರೆಂಟು ಮಾಡಿದ್ದು 1902ರಲ್ಲಿ. ಏಷ್ಯಾದಲ್ಲೇ ಮೊದಮೊದಲಿನದು ಅಂತ ಎದೆಯುಬ್ಬಿಸಿ ಹೇಳ್ತೇವೆ. ಆ ಕರೆಂಟು ನೂರಾರು ಹಳ್ಳಿಗಳ ತಲೆ ಮೇಲೆ ತಂತಿಯಲ್ಲಿ ಹಾದು ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು, ಬಿಳಿಯರ ಕಂಪನಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಗಣಿಯ ಆಳಕ್ಕೆ ಇಳಿದು ಎದೆಯಲ್ಲಿ ದೂಳು ತುಂಬಿಕೊಂಡವರಲ್ಲಿ ದೊಡ್ಡ ಪಾಲು ದಲಿತರು. ನಮ್ಮ ಕೇರಿಗೆ ಕರೆಂಟು ಬಂದದ್ದು 1970ರ ದಶಕ ಕಳೆದ ಮೇಲೆ, ಭಾಗ್ಯಜ್ಯೋತಿ ಹೆಸರಿನಲ್ಲಿ, ಗುಡಿಸಲಿಗೊಂದೇ ಬಲ್ಬು. ಬಲ್ಬು ಬಿಟ್ಟು ಬೇರೆ ಏನನ್ನಾದರೂ ಸಿಕ್ಕಿಸಿದರೆ ಲೈನ್‌ಮನ್ ಬಂದು ಗದರಿಸ್ತಿದ್ದನಂತೆ. ಮನೆಗೆ ಯಂತ್ರ ಬರಬೇಕಾದರೆ ಮೊದಲು ಗೋಡೆಯಲ್ಲಿ ತೂತು ಬೇಕು ನೋಡಿ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹಳ್ಳಿಗಳಿಗೆ ಸಮುದಾಯ ರೇಡಿಯೋ ಹಂಚಿತು. ‘ಸಮುದಾಯ’ ಎಂಬ ಮಾತು ಕೇಳೋಕೆ ಚೆನ್ನಾಗಿದೆ. 1956ರಲ್ಲಿ ಪೂನಾ ಸುತ್ತಿನ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮೀಣ ವೇದಿಕೆ ಎಂಬ ಪ್ರಯೋಗ ನಡೆಯಿತು. ಹಳ್ಳಿಯವರು ಗುಂಪಾಗಿ ಕೂತು ಕೇಳಬೇಕು, ಕೇಳಿದ್ದರ ಬಗ್ಗೆ ಚರ್ಚೆ ಮಾಡಬೇಕು, ಪ್ರಶ್ನೆಗಳನ್ನು ಬರೆದು ಸ್ಟೇಷನ್ನಿಗೆ ಕಳಿಸಬೇಕು. ಮಾತು ಒಂದೇ ದಿಕ್ಕಿಗೆ ಹರಿಯಬಾರದು ಎಂಬ ಈ ಯೋಚನೆ ಬಹಳ ಒಳ್ಳೆಯದು. ಆದರೆ ಹಳ್ಳಿಯಲ್ಲಿ ಗುಂಪಾಗಿ ಕೂರೋದು ಅಂದರೇನು ಅಂತ ದಿಲ್ಲಿಯ ಕಾಗದದಲ್ಲಿ ಬರೆದಿರಲಿಲ್ಲ. ನಮ್ಮೂರಿನಲ್ಲಿ ರೇಡಿಯೋ ಪೆಟ್ಟಿಗೆ ಇದ್ದದ್ದು ಪಂಚಾಯ್ತಿ ಕೋಣೆಯಲ್ಲಿ, ಪಂಚಾಯ್ತಿ ಕೋಣೆ ಇದ್ದದ್ದು ಗುಡಿಯ ಪಕ್ಕದಲ್ಲಿ. ಒಳಗೆ ಚಾಪೆ ಮೇಲೆ ಊರವರು, ಕಟ್ಟೆ ಕೆಳಗೆ ಕುಂಬಾರ, ಅಗಸ, ಕ್ಷೌರಿಕರು, ರಸ್ತೆಯ ಆ ಕಡೆ ಹುಣಸೇಮರದ ಬುಡದಲ್ಲಿ ನಮ್ಮ ತಾತ ಮತ್ತು ಅವನ ಓರಗೆಯ ಹುಡುಗರು. ‘ವಾರ್ತೆ ಕೇಳಿಸ್ತಿತ್ತಾ ತಾತ?’ ಅಂದರೆ, ‘ಗಾಳಿ ನಮ್ ಕಡೀಕ್ ಬೀಸಿದ್ರೆ ಕೇಳಿಸ್ತಿತ್ತು ಕಣಪ್ಪ’ ಅಂತಾನೆ. ಗಾಳಿಗೆ ಜಾತಿ ಇರಲಿಲ್ಲ, ಪುಣ್ಯಕ್ಕೆ.

ಈ ಏರ್ಪಾಡನ್ನು ಒಡೆದದ್ದು ಯಾವ ಸಮಾಜ ಸುಧಾರಕನೂ ಅಲ್ಲ. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೂವರು ವಿಜ್ಞಾನಿಗಳು ಕಂಡುಹಿಡಿದ ಟ್ರಾನ್ಸಿಸ್ಟರ್ ಎಂಬ ಒಂದು ಸಣ್ಣ ಚೂರು. ಹಳೇ ರೇಡಿಯೋದ ಒಳಗೆ ಗಾಜಿನ ವಾಲ್ವುಗಳಿದ್ದವು. ಅವು ಕಾದು ಕೆಂಪಾಗಬೇಕು, ಅದಕ್ಕೆ ಕರೆಂಟು ಬೇಕು ಇಲ್ಲವೇ ಹೊರಲಾರದ ಬ್ಯಾಟರಿ ಬೇಕು. ಟ್ರಾನ್ಸಿಸ್ಟರಿಗೆ ನಾಲ್ಕು ಒಣ ಸೆಲ್ಲು ಸಾಕು. ಕಂಕುಳಲ್ಲಿ ಇಟ್ಟುಕೊಂಡು ಹೊಲಕ್ಕೂ ಹೋಗಬಹುದು, ಗುಡಿಸಲಿನ ಗೂಟಕ್ಕೂ ನೇತು ಹಾಕಬಹುದು. ಯಂತ್ರ ಸಣ್ಣದಾದಾಗ ಒಡೆಯನ ಕೈಯಿಂದ ಜಾರಿತು. ತಾತ ಕೊಡಗಿನ ಕಾಫಿ ತೋಟದಲ್ಲಿ ಎರಡು ಸುಗ್ಗಿ ದುಡಿದು ಒಂದು ಹಳೇ ಟ್ರಾನ್ಸಿಸ್ಟರ್ ತಂದ. ಅದು ಕೇರಿಗೆ ಬಂದ ಮೊದಲ ದಿನ ಮಾರಮ್ಮನ ಹಬ್ಬದಷ್ಟು ಜನ ಸೇರಿದ್ದರಂತೆ. ಅವತ್ತು ಊರಿನಿಂದ ಒಬ್ಬ ಯಜಮಾನ ಹಾದು ಹೋಗುವಾಗ ನಿಂತು, ‘ಏನ್ಲಾ, ನಿಮಗೂ ರೇಡಿಯಾ ಬಂತಾ?’ ಅಂದನಂತೆ. ಆ ಪ್ರಶ್ನೆಯಲ್ಲಿದ್ದ ಸಂಕಟ ನೋಡಿ. ಮನುಷ್ಯ ಸಂಬಂಧ ಕೆಟ್ಟುಹೋಯಿತು ಎಂಬ ಗೋಳು ಶುರುವಾದದ್ದು ಇಂಥ ದಿನಗಳಲ್ಲೇ ಇರಬೇಕು ಅಂತ ನನ್ನ ಗುಮಾನಿ.

ಆ ಒಂದು ಟ್ರಾನ್ಸಿಸ್ಟರ್ ಇಡೀ ಕೇರಿಯದಾಗಿತ್ತು. ಸೆಲ್ಲಿಗೆ ಸರದಿ ಪ್ರಕಾರ ಮನೆಮನೆಯವರು ದುಡ್ಡು ಹಾಕುತ್ತಿದ್ದರು. ಸೆಲ್ಲು ಸತ್ತರೆ ಬಿಸಿಲಿಗೆ ಇಟ್ಟು ಇನ್ನೆರಡು ದಿನ ನೂಕುತ್ತಿದ್ದರು. ಕೃಷಿರಂಗದಲ್ಲಿ ಎಕರೆಗೆ ಎಷ್ಟು ಗೊಬ್ಬರ ಹಾಕಬೇಕು ಅಂತ ಹೇಳ್ತಿದ್ದರೆ, ಒಂದು ಗುಂಟೆ ಭೂಮಿ ಇಲ್ಲದ ಮೂವತ್ತು ಜನ ಕಿವಿಗೊಟ್ಟು ಕೇಳ್ತಿದ್ದರು. ಇದರಲ್ಲಿ ನಗುವಂಥದ್ದೂ ಇದೆ, ಅಳುವಂಥದ್ದೂ ಇದೆ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿದಾರರು ಫಾರಂ ನಂಬರ್ 7 ಅರ್ಜಿ ಹಾಕಬೇಕು ಎಂಬ ಸುದ್ದಿ ನಮ್ಮ ಕೇರಿಗೆ ಮೊದಲು ಗೊತ್ತಾದದ್ದು ಆ ಪೆಟ್ಟಿಗೆಯಿಂದ. ಶಾನುಭೋಗನ ಬಾಯಿಂದ ಅಲ್ಲ. ಊರಿನ ‘ಸಂಬಂಧ’ವನ್ನು ನಂಬಿ ಕೂತಿದ್ದರೆ ಆ ಸುದ್ದಿ ಗಡುವು ಮುಗಿದ ಮೇಲೆ ಬರ್ತಿತ್ತು. ಕೂಲಿಯಾಳುಗಳಿಗೆ, ಜೀತದವರಿಗೆ ಆ ಕಾನೂನಿನಿಂದ ಸಿಕ್ಕಿದ್ದು ಕಮ್ಮಿ, ಅದು ಬೇರೆ ಮಾತು. ಗೇಣಿ ಮಾಡ್ತಿದ್ದ ಎರಡು ಮನೆಯವರು ಅರ್ಜಿ ಹಾಕಿದರು.

ಇದೇ ಹೊತ್ತಿನಲ್ಲಿ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಭಾರಿ ಪವಾಡವೊಂದು ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆ ಎಟಿಎಸ್-6 ಎಂಬ ಉಪಗ್ರಹವನ್ನು ನಮಗೆ ಎರವಲು ಕೊಟ್ಟಿತು. ನಮ್ಮ ಇಸ್ರೋ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಇಟ್ಟಿತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಈ ಯೋಜನೆಯನ್ನು ‘ಸೈಟ್’ ಅಂತ ಕರೆದರು. ಕೋಳಿಗೂಡಿಗೆ ಹಾಕುವ ತಂತಿಬಲೆಯಂಥದ್ದನ್ನೇ ಛತ್ರಿಯ ಹಾಗೆ ಬಗ್ಗಿಸಿ ಮೂರು ಮೀಟರ್ ಅಗಲದ ಆಂಟೆನಾ ಮಾಡಿದ್ದರು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ. ಬೆಂಗಳೂರಿನ ಸಾಹುಕಾರನ ಮನೆಗೇ ಟಿವಿ ಬಾರದಿದ್ದ ಕಾಲ ಅದು, ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರಿನ ಕುಗ್ರಾಮದ ಹುಡುಗ ಕನ್ನಡ ಟಿವಿ ನೋಡಿದ್ದ! ದೇಶದಲ್ಲಿ ಆಗ ತುರ್ತುಪರಿಸ್ಥಿತಿ. ಪೇಟೆಯ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದಾಗ ಹಳ್ಳಿಗೆ ಆಕಾಶದಿಂದ ಚಿತ್ರ ಇಳಿಯುತ್ತಿತ್ತು ಎಂಬುದನ್ನೂ ಮರೆಯಬಾರದು. ಯಂತ್ರ ಯಾರ ಮಾತನ್ನು ಹೊತ್ತು ತರುತ್ತದೆ ಎಂಬುದು ಅದನ್ನು ಎಲ್ಲಿ ಇಡುತ್ತಾರೆ ಎಂಬುದರಷ್ಟೇ ದೊಡ್ಡ ಪ್ರಶ್ನೆ.

ಸೈಟ್ ಬಗ್ಗೆ ಓದುವಾಗ ನನ್ನನ್ನು ಕಾಡಿದ್ದು ಎರಡು ಸಂಗತಿ. ಸೆಟ್ಟುಗಳನ್ನು ಸಾಮಾನ್ಯವಾಗಿ ಶಾಲೆಯಲ್ಲೋ ಪಂಚಾಯ್ತಿಯಲ್ಲೋ ಇಡಬೇಕಿತ್ತು, ಎಲ್ಲ ಜಾತಿಯವರೂ ಬರಬಲ್ಲ ಜಾಗದಲ್ಲಿ. ಆ ಉಪಗ್ರಹ ಇದ್ದದ್ದು 36 ಸಾವಿರ ಕಿಲೋಮೀಟರ್ ಮೇಲೆ. ಅಷ್ಟು ದೂರ ಇಳಿದು ಬಂದ ಬೆಳಕಿಗೆ ಊರಿನಿಂದ ಕೇರಿಗಿರುವ ಅರ್ಧ ಫರ್ಲಾಂಗು ದಾಟಬೇಕಾದರೆ, ಆ ಶಾಲೆ ಯಾವ ಬೀದಿಯಲ್ಲಿದೆ ಎಂಬುದೇ ಮುಖ್ಯವಾಗುತ್ತದೆ. ಇದು ಇಂಜಿನಿಯರಿಂಗ್ ಲೆಕ್ಕದಲ್ಲಿ ಬರೋದಿಲ್ಲ. ಎರಡನೆಯದು, ವರ್ಷ ತುಂಬಿದ ದಿನ ಅಮೆರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಎಳೆದುಕೊಂಡರು. ಸೆಟ್ಟುಗಳು ಕುರುಡಾದವು. 1977ರಲ್ಲಿ ಗುಲಬರ್ಗಾದಲ್ಲಿ ಟಿವಿ ಕೇಂದ್ರ ಬರುವವರೆಗೆ ಆ ಹಳ್ಳಿಗಳು ಕಾಯಬೇಕಾಯಿತು. ಹೊರಗಿನವರ ಕೈಯಲ್ಲಿ ಗುಂಡಿ ಇದ್ದರೆ ಹೀಗೇ.

ಇನ್ನು ಎಲ್ಲರೂ ಕಣ್ಣಲ್ಲಿ ನೀರು ತುಂಬಿಕೊಂಡು ನೆನೆಯುವ ಭಾನುವಾರದ ಬೆಳಗು. 1987ರ ಜನವರಿಯಿಂದ ದೂರದರ್ಶನದಲ್ಲಿ ರಾಮಾಯಣ. ಇಡೀ ಊರು ಒಂದೇ ಟಿವಿಯ ಮುಂದೆ ಕೂತಿತ್ತು, ಎಂಥ ಒಗ್ಗಟ್ಟು, ಎಂಥ ಪ್ರೀತಿ ಅಂತ ಬರೀತಾರೆ. ಆಗ ಎಂಟೊಂಬತ್ತು ವರ್ಷದ ಹುಡುಗಿಯಾಗಿದ್ದ ನಮ್ಮವ್ವ ಆ ಒಗ್ಗಟ್ಟನ್ನು ನೋಡಿದ್ದು ಕಿಟಕಿಯಿಂದ. ಊರಿಗೊಂದೇ ಟಿವಿ, ದೊಡ್ಡ ಒಕ್ಕಲಿನ ಮನೆಯಲ್ಲಿ. ಊರ ಮಕ್ಕಳು ನಡುಮನೆಯಲ್ಲಿ, ಕೇರಿಯ ಮಕ್ಕಳು ಕಿಟಕಿಯಲ್ಲಿ. ಕಿಟಕಿಗೆ ಆರು ಸರಳು. ಒಂದೊಂದು ಸಂದಿಗೆ ಇಬ್ಬರು ಮಕ್ಕಳಂತೆ ಹಂಚಿಕೊಂಡಿದ್ದರಂತೆ. ಅದಕ್ಕೂ ಬಾಡಿಗೆ ಇತ್ತು. ಬೆಳಿಗ್ಗೆ ಬೇಗ ಹೋಗಿ ಕೊಟ್ಟಿಗೆ ಬಾಚಿ ಸಗಣಿ ತೆಗೆದವರಿಗೆ ಮಾತ್ರ ಕಿಟಕಿ. ಮಳೆ ಬಂದರೆ ಒಳಗಿನಿಂದ ಕಿಟಕಿ ಹಾಕ್ತಿದ್ದರು. ‘ರಾಮ ಕಾಡಿಗ್ ಹೋದ, ಆಮೇಲ್ ಏನಾಯ್ತು ಅಂತ ನಂಗ್ ಗೊತ್ತಿಲ್ಲ, ಅವತ್ ಮಳೆ’ ಅಂತ ಅವ್ವ ಈಗಲೂ ನಗ್ತಾಳೆ. ಅವಳು ನಗೋದನ್ನು ನಾನು ಬರೀಬಲ್ಲೆ, ಆ ನಗುವಿನ ಅರ್ಥ ಬರೆಯೋಕೆ ನನ್ನಿಂದಾಗಲ್ಲ.

ನಮ್ಮ ಕೇರಿಗೆ ಮೊದಲ ಟಿವಿ ಬಂದದ್ದು 1990ರ ದಶಕದಲ್ಲಿ, ಯುವಕ ಸಂಘದ ಹುಡುಗರು ಚಂದಾ ಎತ್ತಿ ತಂದ ಕಪ್ಪುಬಿಳುಪು ಪೆಟ್ಟಿಗೆ. ಅದನ್ನು ಬೀದಿಗೇ ತಂದು ಇಟ್ಟರು. ಕಿಟಕಿಯ ಅನುಭವ ಇದ್ದವರು ಟಿವಿಯನ್ನು ಮನೆಯೊಳಗೆ ಇಡಲಿಲ್ಲ ಎಂಬುದನ್ನು ಗಮನಿಸಿ.

ಟೆಲಿಫೋನಿನ ಕತೆಯಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆಯ ಜಾಗ ಇದೆ, ಶಾಲೆಯ ಪುಸ್ತಕದಲ್ಲಿ ಯಾಕೋ ಇಲ್ಲ. ಭಾರತದ್ದೇ ತಂತ್ರಜ್ಞಾನದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಬೇಕೆಂದು 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು, ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದವರು. ಪರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ನಮ್ಮ ಬಿಸಿಲು, ದೂಳು, ಕೈಕೊಡುವ ಕರೆಂಟು, ಇವನ್ನೆಲ್ಲ ತಡೆದುಕೊಂಡು ಕೆಲಸ ಮಾಡುವ ಹಳ್ಳಿ ಎಕ್ಸ್‌ಚೇಂಜನ್ನು ಸಿ-ಡಾಟ್ ಕಟ್ಟಿತು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಅಲ್ಲಿಂದ ಶುರುವಾದದ್ದೇ ಮೂಲೆಮೂಲೆಗೆ ಬಂದ ಹಳದಿ ಬಣ್ಣದ ಎಸ್‌ಟಿಡಿ ಬೂತು.

ಪ್ರೇಮಪತ್ರಗಳ ಕಾಲ ಹೋಯಿತು ಅಂತ ಕೊರಗುವ ಕವಿಗಳು ನನ್ನ ಗೆಳೆಯರಲ್ಲೂ ಇದ್ದಾರೆ. ಓದು ಬರಹ ಬಾರದವರ ಮನೆಗೆ ಕಾಗದ ಬಂದರೆ ಏನಾಗ್ತಿತ್ತು ಅಂತ ಅವರಿಗೆ ಗೊತ್ತಿಲ್ಲ. ತೋಟಕ್ಕೆ ಹೋದ ಗಂಡನ ಕಾಗದವನ್ನು ಊರೊಳಗಿನ ಯಾರದೋ ಅಂಗಳದಲ್ಲಿ ನಿಂತು ಓದಿಸಿಕೊಳ್ಳಬೇಕು. ಅವನು ಎಷ್ಟು ದುಡ್ಡು ಕಳಿಸಿದ್ದಾನೆ ಅನ್ನೋದು ನಮ್ಮಜ್ಜಿಗಿಂತ ಮೊದಲು ಸಾಲ ಕೊಟ್ಟವನಿಗೆ ಗೊತ್ತಾಗ್ತಿತ್ತು. ಗಂಡ ಹೆಂಡಿರ ಮಾತಿಗೆ ಮೂರನೆಯವನ ನಾಲಿಗೆ. ಬೂತಿನಲ್ಲಿ ಗಾಜಿನ ಬಾಗಿಲು ಹಾಕಿಕೊಂಡು ಅಜ್ಜಿ ಮೊದಲ ಸಲ ತಾತನ ದನಿ ಕೇಳಿದಾಗ ಏನೂ ಮಾತಾಡದೆ ಅತ್ತುಬಿಟ್ಟಳಂತೆ. ಮೀಟರು ಓಡ್ತಾನೇ ಇತ್ತು. ದೂರದ ಯಂತ್ರ ಹತ್ತಿರದವರನ್ನು ದೂರ ಮಾಡುತ್ತೆ ಅಂತ ಹೇಳುವವರು ಅಜ್ಜಿಯ ಮುಂದೆ ನಿಂತು ಹೇಳಲಿ.

1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದಿಲ್ಲಿಯ ಮಂತ್ರಿ ಸುಖರಾಮ್ ಅವರಿಗೆ ಮೊಬೈಲಿನಲ್ಲಿ ಮಾತಾಡಿದರು. ದೇಶದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 16 ರೂಪಾಯಿ ತನಕ ಬೆಲೆ, ಬಂದ ಕರೆಗೂ ದುಡ್ಡು. ಅವ್ವ ಆಗ ಕಳೆ ಕೀಳೋಕೆ ಹೋದರೆ ದಿನಕ್ಕೆ 15 ರೂಪಾಯಿ. ಇಡೀ ದಿನ ಬಗ್ಗಿದರೂ ಒಂದು ನಿಮಿಷದ ಮಾತಿಗೆ ಒಂದು ರೂಪಾಯಿ ಸಾಲದು. 2003ರಲ್ಲಿ ಒಳಬರುವ ಕರೆ ಉಚಿತ ಆಯಿತು. ಅದೇ ವರ್ಷ ಟಾರ್ಚು ಇರುವ ನೋಕಿಯಾ 1100 ಬಂತು. ಕರೆಂಟಿಲ್ಲದ ಕೇರಿಗೆ ಹೇಳಿ ಮಾಡಿಸಿದ ಫೋನು. ಆಗ ನಮ್ಮವರು ಮಿಸ್ಡ್ ಕಾಲ್ ಎಂಬ ಒಂದು ಭಾಷೆಯನ್ನೇ ಕಟ್ಟಿದರು. ಒಂದು ರಿಂಗು ಅಂದರೆ ಬಸ್ಸು ಹತ್ತಿದೆ, ಎರಡು ರಿಂಗು ಅಂದರೆ ಮುಟ್ಟಿದೆ, ಬಿಡದೆ ಮೂರು ನಾಲ್ಕು ಸಲ ಬಂದರೆ ಯಾರೋ ಆಸ್ಪತ್ರೆಯಲ್ಲಿದ್ದಾರೆ. ಒಂದು ಪೈಸೆ ಖರ್ಚಿಲ್ಲದೆ ಕಂಪನಿಗಳಿಗೆ ಟೋಪಿ ಹಾಕಿ ನಡೆಸಿದ ಈ ಸಂಭಾಷಣೆಗೆ ಯಾವ ಭಾಷಾವಿಜ್ಞಾನಿಯೂ ವ್ಯಾಕರಣ ಬರೆದಿಲ್ಲ.

ಮನುಷ್ಯ ಸಂಬಂಧದ ಬಗ್ಗೆ ಕಣ್ಣೀರು ಹಾಕುವವರಿಗೆ ನಿಜಕ್ಕೂ ಯಾವ ಸಂಬಂಧದ ಭಯ ಎಂಬುದು ಆಮೇಲಾಮೇಲೆ ಬಯಲಾಯಿತು. 2019ರ ಜುಲೈನಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ 12 ಹಳ್ಳಿಗಳ ಠಾಕೋರ್ ಸಮುದಾಯದ ಹಿರಿಯರು ಸಭೆ ಸೇರಿ, ಮದುವೆಯಾಗದ ಹೆಣ್ಣುಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ ಎಂದು ನಿರ್ಣಯ ಮಾಡಿದರು. ಅದೇ ಸಭೆಯಲ್ಲಿ ಬೇರೆ ಜಾತಿಯವರನ್ನು ಮದುವೆಯಾಗುವುದರ ವಿರುದ್ಧವೂ ನಿರ್ಣಯವಾಯಿತು. ಗಂಡುಮಕ್ಕಳ ಫೋನಿನ ಮೇಲೆ ನಿಷೇಧ ಇರಲಿಲ್ಲ ಎಂಬುದನ್ನು ಬೇರೆ ಹೇಳಬೇಕೆ? ಫೋನು ಸಂಬಂಧ ಕಡಿಯುತ್ತೆ ಎಂಬ ಭಯ ಅಲ್ಲ ಇದು. ಕಟ್ಟಬಾರದ ಸಂಬಂಧವನ್ನು ಕಟ್ಟಿಬಿಡುತ್ತೆ ಎಂಬ ಭಯ. 2015ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಶಿರಡಿಯಲ್ಲಿ ಒಬ್ಬ ದಲಿತ ಯುವಕನನ್ನು ಕೊಂದರು, ನರ್ಸಿಂಗ್ ಓದುತ್ತಿದ್ದ ಹುಡುಗ. ಅವನ ಫೋನು ರಿಂಗಾದಾಗ ಬಾಬಾಸಾಹೇಬರ ಹಾಡು ಬಂತು ಎಂಬುದೇ ಜಗಳದ ಮೂಲ ಎಂದು ವರದಿಯಾಯಿತು. ಜೇಬಿನಲ್ಲಿರುವ ಯಂತ್ರದಿಂದ ಯಾವ ದನಿ ಹೊರಡಬೇಕು ಎಂಬುದನ್ನೂ ಊರೇ ತೀರ್ಮಾನಿಸಬೇಕಂತೆ. ಹುಣಸೇಮರದ ಬುಡದಲ್ಲಿ ನಿಂತು ಕೇಳಿಸಿಕೊಂಡವನನ್ನು ಊರು ಸಹಿಸಿತ್ತು. ತನ್ನ ದನಿ ತಾನೇ ಹಾಕಿಕೊಂಡವನನ್ನು ಸಹಿಸಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ ಅಗ್ಗವಾಯಿತು, ಕೇರಿಗೂ ಸ್ಮಾರ್ಟ್‌ಫೋನ್ ಬಂತು. ಬಂತು ಅಂದರೆ ಮನೆಗೊಂದು. ಮನೆಗೊಂದು ಅಂದರೆ ಅಪ್ಪನ ಜೇಬಿಗೊಂದು. ಇದರ ನಿಜವಾದ ಅರ್ಥ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ನಾನಾಗ ಡಿಗ್ರಿ ಎರಡನೇ ವರ್ಷ. ಹಾಸ್ಟೆಲ್ ಮುಚ್ಚಿದರು, ಪೆಟ್ಟಿಗೆ ಹೊತ್ತು ಊರಿಗೆ ಬಂದೆವು. ಪಾಠ ಇನ್ನು ಫೋನಿನಲ್ಲಿ ಅಂದರು. ಅವ್ವ ಎರಡು ಮೇಕೆ ಮಾರಿ ಫೋನು ತೆಗೆದುಕೊಟ್ಟಳು. ಸಿಗ್ನಲ್ ಸಿಗ್ತಿದ್ದದ್ದು ಅದೇ ಹುಣಸೇಮರದ ಹತ್ತಿರ, ರಸ್ತೆಯ ಈ ಕಡೆ.

ಆ ವರ್ಷದ ಜೂನ್ 1ರಂದು ಕೇರಳದಲ್ಲಿ ಆನ್‌ಲೈನ್ ತರಗತಿ ಶುರುವಾದ ದಿನವೇ ಮಲಪ್ಪುರಂ ಜಿಲ್ಲೆಯಲ್ಲಿ ಹತ್ತನೇ ತರಗತಿಗೆ ಕಾಲಿಟ್ಟಿದ್ದ ಒಬ್ಬ ದಲಿತ ಹುಡುಗಿ ಪ್ರಾಣ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ, ಕೂಲಿ ಮಾಡುವ ಅಪ್ಪನಿಗೆ ಲಾಕ್‌ಡೌನಿನಲ್ಲಿ ಕೆಲಸ ಇರಲಿಲ್ಲ. ಚೆನ್ನಾಗಿ ಓದುತ್ತಿದ್ದ ಹುಡುಗಿ. ಇದನ್ನು ಓದಿದ ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಹೊಸ ಉಪಕರಣ ಬೇಕೋ ಬೇಡವೋ ಎಂಬ ಚರ್ಚಾಸ್ಪರ್ಧೆ ಯಾರಿಗೆ ಸಾಧ್ಯ? ಇರುವವರಿಗೆ ಮಾತ್ರ. ಮೇಜಿನ ಮೇಲೆ ನಾಲ್ಕು ಫೋನು ಇಟ್ಟುಕೊಂಡವರು ‘ಡಿಜಿಟಲ್ ಉಪವಾಸ’ ಮಾಡ್ತಾರೆ. ಊಟ ಇರುವವರು ತಾನೆ ಉಪವಾಸ ಮಾಡೋದು.

ನಮ್ಮ ಸರ್ಕಾರ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ತಂದಿತು. ಮಕ್ಕಳನ್ನು ಮೂರು ಗುಂಪು ಮಾಡಿದರು: ಯಾವ ಫೋನೂ ಇಲ್ಲದವರು, ಮಾತಾಡುವ ಫೋನು ಮಾತ್ರ ಇರುವವರು, ಇಂಟರ್ನೆಟ್ ಇರುವ ಫೋನಿನವರು. ಜಾತಿಯ ಪಟ್ಟಿ ನೋಡಿ ಅಭ್ಯಾಸ ಇದ್ದವನಿಗೆ ಈ ಪಟ್ಟಿ ನೋಡಿದಾಗ ಎದೆ ಧಸಕ್ ಅಂತು. ಆದರೆ ಇದರಲ್ಲಿ ಒಂದು ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. ಮೇಷ್ಟ್ರುಗಳು ಮಕ್ಕಳಿದ್ದ ಕಡೆಗೇ ಬಂದರು. ಮರದ ನೆರಳಲ್ಲಿ, ಸಮುದಾಯ ಭವನದಲ್ಲಿ, ಜಗುಲಿಗಳಲ್ಲಿ ಪಾಠ ನಡೆಯಿತು. ನಮ್ಮ ಕೇರಿಯ ಅಂಬೇಡ್ಕರ್ ಭವನದ ಮೆಟ್ಟಿಲ ಮೇಲೆ ಊರ ಮಕ್ಕಳೂ ಬಂದು ಕೂತರು, ಸಿಗ್ನಲ್ ಆ ಕಡೆಯೇ ಇದ್ದದ್ದರಿಂದ ಬೇರೆ ದಾರಿ ಇರಲಿಲ್ಲ. ಹನ್ನೊಂದು ಮಕ್ಕಳು, ನನ್ನ ಒಂದು ಫೋನು. ಯಾರ ಭುಜ ಯಾರಿಗೆ ತಗುಲ್ತಿದೆ ಅಂತ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ರೋಗ ಹರಡೀತೆಂಬ ಭಯದಿಂದ ಅಕ್ಟೋಬರಿನಲ್ಲಿ ಆ ಯೋಜನೆ ನಿಂತಿತು. ಶಾಲೆ ತೆರೆದ ಮೇಲೆ ಆ ಊರ ಮಕ್ಕಳಲ್ಲಿ ಮೂವರು ಮಾತ್ರ ಮತ್ತೆ ಮೆಟ್ಟಿಲಿಗೆ ಬಂದರು. ಮೂವರು ಕಮ್ಮಿ ಅಂತ ನಾನು ಹೇಳಲಾರೆ.

ಬಾಬಾಸಾಹೇಬರು 1936ರಲ್ಲಿ ‘ಜಾತಿ ವಿನಾಶ’ದ ಭಾಷಣ ಬರೆದರು. ಕರೆದವರೇ ಹೆದರಿ ಸಭೆ ರದ್ದು ಮಾಡಿದ್ದರಿಂದ ಅದು ಭಾಷಣವಾಗಲೇ ಇಲ್ಲ, ತಾವೇ ಅಚ್ಚು ಹಾಕಿಸಿದರು. ಅದರಲ್ಲಿ ಅವರು ಒಂದು ವ್ಯತ್ಯಾಸವನ್ನು ತೋರಿಸ್ತಾರೆ. ಜನರ ನಡೆನುಡಿ, ಅವರ ಹತ್ತಿರ ಇರುವಂಥದ್ದು ಒಂದೇ ತರ ಇರುವುದು ಬೇರೆ, ಜನ ಅವನ್ನು ಪರಸ್ಪರ ಪಾಲುಗೊಂಡು ಬದುಕುವುದು ಬೇರೆ. ಮೊದಲನೆಯದರಿಂದ ಸಮಾಜ ಹುಟ್ಟೋದಿಲ್ಲ, ಎರಡನೆಯದರಿಂದ ಮಾತ್ರ ಹುಟ್ಟುತ್ತೆ, ಆ ಪಾಲುಗೊಳ್ಳುವಿಕೆಗೆ ದಾರಿ ಒಬ್ಬರೊಡನೊಬ್ಬರ ಮಾತು ವ್ಯವಹಾರ, ಎಂಬ ಅರ್ಥದ ವಾದ ಅದು. ಸ್ಮಾರ್ಟ್‌ಫೋನ್ ಕಂಡಿಲ್ಲದ ಮನುಷ್ಯ ನಮ್ಮ ಈಗಿನ ಸ್ಥಿತಿಯನ್ನು ಎಷ್ಟು ಸರಿಯಾಗಿ ಹೇಳಿದ್ದಾರೆ ನೋಡಿ. ಈಗ ಊರಿನಲ್ಲೂ ಕೇರಿಯಲ್ಲೂ ಒಂದೇ ಕಂಪನಿಯ ಫೋನು. ಒಂದೇ ಧಾರಾವಾಹಿ, ಒಂದೇ ರೀಲ್ಸು, ಒಂದೇ ಕ್ರಿಕೆಟ್ಟು. ಒಂದೇ ತರದ್ದು ಎಲ್ಲ ಇದೆ. ಪಾಲು ಎಲ್ಲಿದೆ? ಊರಿನ ವಾಟ್ಸಾಪ್ ಗುಂಪಿಗೆ ಗುಡಿಯ ಹೆಸರು, ಅದರಲ್ಲಿ ಕೇರಿಯವರ ನಂಬರಿಲ್ಲ.

ಈ ಮಾತು ನಮ್ಮ ಕೇರಿಗೂ ಅನ್ವಯ ಆಗುತ್ತೆ ಎಂಬುದನ್ನು ಮುಚ್ಚಿಡೋದು ಬೇಡ. ಸೆಲ್ಲಿಗೆ ಸರದಿ ಹಾಕಿದ, ಟಿವಿಯನ್ನು ಬೀದಿಗೆ ತಂದಿಟ್ಟ ಜನ ನಾವು. ಈಗ ನಮ್ಮಲ್ಲೂ ಒಬ್ಬೊಬ್ಬ ಹುಡುಗ ಒಂದೊಂದು ಮೂಲೆಯಲ್ಲಿ ಕಿವಿಗೆ ಬತ್ತಿ ಇಟ್ಕೊಂಡು ಬಗ್ಗಿದ್ದಾನೆ. ಸಂಘದ ಸಭೆ ಇದೆ ಬಾರೋ ಅಂದರೆ ‘ಗುಂಪಿನಲ್ಲಿ ಹಾಕಣ್ಣ, ನೋಡ್ತೀನಿ’ ಅಂತಾನೆ. ಒಂದು ಹೆಬ್ಬೆರಳು ಒತ್ತಿ ಹೋರಾಟ ಮುಗಿಸ್ತಾನೆ. ಒಂದು ಕಾಲದಲ್ಲಿ ತಮಟೆ ಬಡಿದು ಹಾಡು ಹೇಳ್ತಾ ಊರಿಂದೂರಿಗೆ ನಡೆದುಹೋದವರ ಮೊಮ್ಮಕ್ಕಳು ನಾವು. ಆ ಹಾಡುಗಳು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದವು, ಹಾಡುವವನ ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದ. ಫೋನು ಬಿಸಾಡಿ ಅಂತ ನಾನು ಹೇಳೋದಿಲ್ಲ, ಅದನ್ನು ಗಳಿಸೋಕೆ ನಮ್ಮವರು ಪಟ್ಟ ಪಾಡು ಈವರೆಗೆ ಬರೆದಿದ್ದೀನಿ. ಆದರೆ ಫೋನು ಕೊಟ್ಟ ಕಂಪನಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಎಣಿಸುತ್ತೆ, ಊರು ನಮ್ಮನ್ನು ಗುಂಪಾಗಿ ಆಚೆ ಇಡುತ್ತೆ. ಎರಡೂ ಲೆಕ್ಕ ನಮಗೆ ಗೊತ್ತಿರಬೇಕು.

1954ರ ಅಕ್ಟೋಬರ್ 3ರಂದು ಬಾಬಾಸಾಹೇಬರು ಆಕಾಶವಾಣಿಯಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರು ಮಾತುಗಳನ್ನು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದದ್ದಲ್ಲ, ಬುದ್ಧನಿಂದ ಪಡೆದೆ ಎಂದರು. ಮೂರರಲ್ಲಿ ಬಂಧುತ್ವಕ್ಕೆ ಅವರು ಎತ್ತರದ ಜಾಗ ಕೊಟ್ಟರು. ಪುರವಣಿಯವರ ‘ಮನುಷ್ಯ ಸಂಬಂಧ’ ಮತ್ತು ಬಾಬಾಸಾಹೇಬರ ಬಂಧುತ್ವ ಎರಡೂ ಒಂದೇ ಅಲ್ಲ. ಮೊದಲನೆಯದು ಹಿಂದೆ ಇತ್ತು, ಈಗ ಹೋಯಿತು ಅಂತಾರೆ. ಎರಡನೆಯದು ಈ ನೆಲದಲ್ಲಿ ಇನ್ನೂ ಆಗಬೇಕಾದದ್ದು. ಆ ಮಾತು ರೇಡಿಯೋದಲ್ಲಿ ಬಂದ ದಿನ ನಮ್ಮ ಕೇರಿಯಲ್ಲಿ ಒಂದು ರೇಡಿಯೋನೂ ಇರಲಿಲ್ಲ.

ಈಗ ಪ್ರತಿ ಗುರುವಾರ ಸಂಜೆ ಏಳಕ್ಕೆ ಭವನದಲ್ಲಿ ಸೇರ್ತೇವೆ. ಬಂದವರು ಫೋನುಗಳನ್ನು ಒಂದು ಮಂಕರಿಗೆ ಹಾಕ್ತಾರೆ, ಒಂದನ್ನು ಮಾತ್ರ ಆಚೆ ಇಟ್ಟು ಸ್ಪೀಕರಿಗೆ ಸಿಕ್ಕಿಸ್ತೇವೆ. ಒಂದು ವಾರ ಪತ್ರಿಕೆಯ ಸುದ್ದಿ, ಒಂದು ವಾರ ಎಸ್‌ಎಸ್‌ಎಲ್‌ಸಿ ಮಕ್ಕಳ ಗಣಿತ. ಹೋದ ವಾರ ಬಾಬಾಸಾಹೇಬರು 1955ರಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನ ಹಾಕಿದೆವು, ಗಾಂಧಿಯವರ ಬಗ್ಗೆ ಮಾತಾಡಿರುವುದು. ಇಂಗ್ಲಿಷು. ಪಿಯುಸಿ ಓದುವ ಹುಡುಗಿಯೊಬ್ಬಳು ನಿಲ್ಲಿಸಿ ನಿಲ್ಲಿಸಿ ಕನ್ನಡಕ್ಕೆ ಹೇಳ್ತಾ ಹೋದಳು. ದೊಡ್ಡವ್ವ ಒಬ್ಬಳು ‘ತಡಿ, ಅರ್ಥ ಆಮೇಲ್ ಹೇಳು, ಮೊದ್ಲು ದನಿ ಕೇಳಾನ’ ಅಂದಳು. ಪಟದಲ್ಲಿ ನೋಡಿದವಳು, ಮಾತಾಡಿದ್ದು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಗಾಂಧಿಯವರ ಬಗ್ಗೆ ಎರಡು ಗುಂಪಾಗಿ ಜಗಳ ಶುರುವಾಯಿತು, ಹುಡುಗಿಯ ತರ್ಜುಮೆ ಸರಿಯಿಲ್ಲ ಅಂತ ಒಬ್ಬ, ಸರಿ ಇದೆ ಅಂತ ಇನ್ನೊಬ್ಬ. ಮತ್ತೆ ಮೊದಲಿಂದ ಹಾಕಿದರು. ಒಂಬತ್ತೂವರೆಗೆ ಕರೆಂಟು ಹೋಯಿತು, ಫೋನಿನ ಟಾರ್ಚು ಹಾಕಿಕೊಂಡು ಜಗಳ ಮುಂದುವರಿಸಿದರು.